ದೀಪದ ಬುಡದ ನಾಡು

ಚೀನದ ಪ್ರಾಂತಗಳ ಹೆಸರುಗಳು ಬಹುಮಟ್ಟಿಗೆ ನೆಲದ ಗುರುತುಗಳೇ. ಶಾನ್‌ಡೊಂಗ್ ಎಂದರೆ ಬೆಟ್ಟಗಳ ಮೂಡಣ ನಾಡು. ಶಾನ್‌ಷಿ ಎಂದರೆ ಬೆಟ್ಟಗಳ ಪಡುವಣ ನಾಡು. ಹೆನಾನ್ ಎಂದರೆ ನದಿಯ ತೆಂಕಣ ನಾಡು. ಹೊಳೆ ಬೆಟ್ಟಗಳನ್ನು ಹಿಡಿದು ದಿಕ್ಕು ಹೇಳುವ ಈ ಹೆಸರುಗಳ ನಡುವೆ ಝಿಲಿ ಎಂಬ ಹೆಸರು ಮಾತ್ರ ನೆಲದ ಗೊಡವೆಗೇ ಹೋಗುವುದಿಲ್ಲ. ‘ಝಿ’ ಎಂದರೆ ನೇರ, ‘ಲಿ’ ಎಂದರೆ ಅಧೀನ. ರಾಜಧಾನಿಗೆ ನೇರವಾಗಿ ಅಧೀನವಾದದ್ದು ಎಂಬುದಷ್ಟೇ ಅದರ ಅರ್ಥ. ನಾಡಿನ ಹೆಸರು ಎನ್ನುವುದಕ್ಕಿಂತ ಅದನ್ನು ಒಂದು ಸಂಬಂಧದ ಹೆಸರು ಎನ್ನಬೇಕು. ಬೀಜಿಂಗ್ ನಗರವನ್ನು ಸುತ್ತುವರಿದ ಪ್ರಾಂತವು ಐದು ಶತಮಾನಗಳ ಕಾಲ ಈ ಹೆಸರನ್ನು ಹೊತ್ತು ಬಾಳಿತು.

ಹೆಸರು ಮಿಂಗ್ ವಂಶದ ಕಾಲದ್ದು. ೧೩೬೮ರಲ್ಲಿ ಆ ವಂಶದ ಸ್ಥಾಪಕನು ನಾನ್‌ಜಿಂಗ್ ನಗರವನ್ನು ರಾಜಧಾನಿಯಾಗಿಸಿಕೊಂಡನು. ಅದರ ಸುತ್ತಣ ಜಿಲ್ಲೆಗಳಿಗೆ ಬೇರೆ ಪ್ರಾಂತಾಡಳಿತವನ್ನು ಕೊಡದೆ ಕೇಂದ್ರದ ಮಂತ್ರಾಲಯಗಳ ಕೆಳಗೇ ಇರಿಸಲಾಯಿತು. ೧೪೨೧ರಲ್ಲಿ ಯೋಂಗ್‌ಲೆ ಚಕ್ರವರ್ತಿಯು ರಾಜಧಾನಿಯನ್ನು ಬೀಜಿಂಗಿಗೆ ಒಯ್ದಾಗ ಆ ಏರ್ಪಾಡೂ ಅವನ ಬೆನ್ನ ಹಿಂದೆ ಉತ್ತರಕ್ಕೆ ನಡೆಯಿತು. ಹೀಗೆ ಬಡಗಣ ಝಿಲಿ, ತೆಂಕಣ ಝಿಲಿ ಎಂದು ಎರಡಾದವು. ೧೬೪೪ರಲ್ಲಿ ಬೀಜಿಂಗನ್ನು ಹಿಡಿದ ಮಂಚೂ ಜನರ ಚಿಂಗ್ ವಂಶವು ಮರುವರ್ಷ ತೆಂಕಣದ್ದರ ಹೆಸರನ್ನು ಬದಲಿಸಿತು. ಬಡಗಣದ್ದೊಂದೇ ಝಿಲಿಯಾಗಿ ಉಳಿಯಿತು. ‘ಬೇಯ್ ಝಿಲಿ’ ಎಂಬ ಹಳೆಯ ಹೆಸರು ಐರೋಪ್ಯ ನಾವಿಕರ ಬಾಯಲ್ಲಿ ‘ಪೆಚಿಲಿ’ಯಾಗಿ, ಇಂದಿನ ಬೋಹಾಯ್ ಸಮುದ್ರವು ಅವರ ನಕ್ಷೆಗಳಲ್ಲಿ ಬಹುಕಾಲ ಪೆಚಿಲಿ ಕೊಲ್ಲಿಯೆಂದೇ ಕಾಣಿಸಿಕೊಂಡಿತು.

ಅರಸನ ನೆರೆಯಲ್ಲಿರುವವರು ಸುಖಿಗಳು ಎಂಬ ಎಣಿಕೆ ಎಲ್ಲ ಕಡೆಯೂ ಉಂಟು. ದೀಪದ ಬುಡದಲ್ಲಿ ಕತ್ತಲೆ ಎಂದ ಹಳ್ಳಿಯ ಗಾದೆಗೆ ಹೆಚ್ಚಿನ ಅನುಭವವಿದ್ದಂತೆ ತೋರುತ್ತದೆ. ಚಿಂಗ್ ಆಳಿಕೆಯ ಮೊದಲ ವರ್ಷವೇ ಝಿಲಿಯ ರೈತರಿಗೆ ಅದರ ಅರ್ಥ ತಿಳಿಯಿತು. ಗೆದ್ದು ಬಂದ ಮಂಚೂ ಧ್ವಜಪಡೆಗಳವರಿಗೆ ಜೀವನೋಪಾಯ ಬೇಕಾಗಿತ್ತು; ಅದು ರಾಜಧಾನಿಗೆ ಹತ್ತಿರವೇ ಇರಬೇಕಾಗಿತ್ತು. ಒಡೆಯರಿಲ್ಲದ ಭೂಮಿಯನ್ನು ಮಾತ್ರ ತೆಗೆದುಕೊಳ್ಳಬೇಕೆಂದು ಆಜ್ಞೆಯ ಒಕ್ಕಣೆ ಇತ್ತಾದರೂ, ಕುದುರೆಯೇರಿ ಹಗ್ಗ ಹಿಡಿದು ಹೊಲಗಳನ್ನು ಸುತ್ತಿಬಂದವರಿಗೆ ಒಡೆಯನುಳ್ಳ ನೆಲ, ಇಲ್ಲದ ನೆಲ ಎಂಬ ಭೇದ ಉಳಿಯಲಿಲ್ಲ. ಮನೆ ಮಠ ಕಳೆದುಕೊಂಡ ಎಷ್ಟೋ ಮಂದಿ ತಮ್ಮದೇ ಹೊಲದಲ್ಲಿ ಆಳುಗಳಾದರು. ಓಡಿಹೋದ ಆಳಿಗೆ ಆಶ್ರಯ ಕೊಟ್ಟವನಿಗೆ ಆಳಿಗಿಂತಲೂ ಘೋರವಾದ ಶಿಕ್ಷೆಯಿತ್ತು. ೧೬೬೯ರಲ್ಲಿ ತರುಣ ಕಾಂಗ್‌ಷಿ ಚಕ್ರವರ್ತಿಯು ಈ ಪದ್ಧತಿಯನ್ನು ನಿಲ್ಲಿಸಿದನು. ಅಷ್ಟರಲ್ಲಿ ಕಾಲು ಶತಮಾನ ಕಳೆದಿತ್ತು.

ಆದರೆ ದೀಪಕ್ಕೆ ಬೆಳಕೂ ಇದ್ದೇ ಇರುತ್ತದೆಯಷ್ಟೆ. ೧೭೪೩ರಲ್ಲಿ ಝಿಲಿಯ ಮೇಲೆ ಕಡುಬರ ಬಿದ್ದಾಗ ಚಿಂಗ್ ಆಡಳಿತವು ತೋರಿದ ದಕ್ಷತೆಯನ್ನು ಇತಿಹಾಸಕಾರರು ಇಂದಿಗೂ ಬೆರಗಿನಿಂದ ಕಾಣುತ್ತಾರೆ. ದಕ್ಷಿಣದಿಂದ ಮಹಾಕಾಲುವೆಯ ಮೂಲಕ ರಾಜಧಾನಿಗೆಂದು ಬಂದು ಟೋಂಗ್‌ಝೌ ಕಣಜಗಳಲ್ಲಿ ತುಂಬಿದ್ದ ಕಪ್ಪದ ಧಾನ್ಯವನ್ನು ಬರಪೀಡಿತರಿಗಾಗಿ ಹೊರತೆಗೆಯಲಾಯಿತು. ಮನೆ ಮನೆಯ ಎಣಿಕೆ ನಡೆಯಿತು. ಗಂಜಿಯ ಕೇಂದ್ರಗಳು ತೆರೆದವು. ಪರಿಹಾರ ಕಾರ್ಯದಲ್ಲಿ ದುಡಿದ ಫಾಂಗ್ ಗುವಾನ್‌ಚೆಂಗ್ ಎಂಬ ಅಧಿಕಾರಿ ಅದರ ಸಮಗ್ರ ದಾಖಲೆಯನ್ನು ಗ್ರಂಥವಾಗಿಸಿದನು. ೧೭೪೯ರಿಂದ ೧೭೬೮ರವರೆಗೆ ಝಿಲಿಯ ಪ್ರಾಂತಾಧಿಪತಿಯೂ ಆಗಿದ್ದ ಈತ ಹತ್ತಿಯ ಕೃಷಿಯನ್ನು ಕುರಿತು ಚಿತ್ರಮಾಲೆಯೊಂದನ್ನು ಸಿದ್ಧಪಡಿಸಿ ಚಕ್ರವರ್ತಿಗೆ ಒಪ್ಪಿಸಿದವನು. ಅಧಿಕಾರಿಗಳೆಲ್ಲ ಹೀಗಿರುತ್ತಿದ್ದರೆ ಈ ಪ್ರಬಂಧಕ್ಕೆ ಬೇರೆ ಶೀರ್ಷಿಕೆ ಬೇಕಾಗುತ್ತಿತ್ತು. ೧೮೭೬ರಿಂದ ೧೮೭೯ರವರೆಗೆ ಉತ್ತರ ಚೀನವನ್ನು ಸುಟ್ಟ ಮಹಾಕ್ಷಾಮದ ವೇಳೆಗೆ ಬೊಕ್ಕಸವೂ ಕಣಜಗಳೂ ಬರಿದಾಗಿದ್ದವು. ಝಿಲಿಯೂ ಸೇರಿದಂತೆ ಐದು ಪ್ರಾಂತಗಳಲ್ಲಿ ಮಡಿದವರ ಸಂಖ್ಯೆಯನ್ನು ತೊಂಬತ್ತು ಲಕ್ಷದಿಂದ ಒಂದು ಕೋಟಿ ಮೂವತ್ತು ಲಕ್ಷದವರೆಗೆ ಅಂದಾಜು ಮಾಡುತ್ತಾರೆ.

ಹೆಸರಿಡುವುದರಲ್ಲಿ ಅರಸರಿಗಿರುವ ನಂಬಿಕೆಯನ್ನು ನೋಡಬೇಕಾದರೆ ಈ ಪ್ರಾಂತದ ನದಿಯೊಂದನ್ನು ನೋಡಬೇಕು. ಶಾನ್‌ಷಿಯ ಹಳದಿ ಮಣ್ಣನ್ನು ಹೊತ್ತು ಬೆಟ್ಟಗಳನ್ನಿಳಿದು ಬೀಜಿಂಗಿನ ಬದಿಗೇ ಹರಿಯುವ ಆ ನದಿಗೆ ಜನ ಇಟ್ಟ ಹೆಸರು ‘ಕದಡಿದ ಹೊಳೆ’. ಇನ್ನೊಂದು ಹೆಸರು ‘ನೆಲೆಯಿಲ್ಲದ ಹೊಳೆ’. ೧೬೯೮ರಲ್ಲಿ ಕಾಂಗ್‌ಷಿಯು ಅದಕ್ಕೆ ಉದ್ದನೆಯ ಒಡ್ಡುಗಳನ್ನು ಕಟ್ಟಿಸಿ ‘ಯೋಂಗ್‌ಡಿಂಗ್’, ಅಂದರೆ ಚಿರಸ್ಥಿರ, ಎಂದು ನಾಮಕರಣ ಮಾಡಿದನು. ಹೊಳೆ ಹೆಸರಿಗೆ ಕಟ್ಟುಬೀಳಲಿಲ್ಲ. ಒಡ್ಡುಗಳ ನಡುವೆ ಸೆರೆಯಾದ ಹೂಳು ವರ್ಷ ವರ್ಷ ಪಾತ್ರವನ್ನು ಎತ್ತರಿಸಿತು. ಪಾತ್ರ ಎತ್ತರಿಸಿದಷ್ಟೂ ಒಡ್ಡನ್ನು ಎತ್ತರಿಸಬೇಕಾಯಿತು. ೧೮೦೧ರಲ್ಲಿ ಪ್ರವಾಹವು ರಾಜಧಾನಿಯ ಬಾಗಿಲಿಗೇ ಬಂದಿತು. ೧೮೯೦ರಲ್ಲಿ ಮತ್ತೆ ನಾಡು ಮುಳುಗಿತು. ೧೯೫೪ರಲ್ಲಿ ಮೇಲ್ದಂಡೆಯಲ್ಲಿ ಗುವಾನ್‌ಟಿಂಗ್ ಜಲಾಶಯ ತಲೆಯೆತ್ತಿದ ಮೇಲಷ್ಟೇ ಆ ಹೆಸರಿಗೆ ಒಂದಿಷ್ಟು ಅರ್ಥ ಕೂಡಿತು.

ಬಡತನವು ರಾಜಧಾನಿಯ ಸಮೀಪದಲ್ಲಿದ್ದಾಗ ಅದಕ್ಕೊಂದು ವಿಚಿತ್ರವಾದ ದಾರಿ ತೆರೆದುಕೊಳ್ಳುತ್ತದೆ. ಅರಮನೆಯ ನಪುಂಸಕ ಸೇವಕರಲ್ಲಿ ಹೆಚ್ಚಿನವರು ಹೆಜಿಯಾನ್ ಮತ್ತು ಅದರ ಆಸುಪಾಸಿನ ಬಡ ಊರುಗಳಿಂದ ಬಂದವರು. ರಾಜಮಾತೆ ತ್ಸಿಷಿಯ ಕೃಪೆಗೆ ಪಾತ್ರನಾದ ಲಿ ಲಿಯಾನ್‌ಯಿಂಗ್ ದಾಚೆಂಗಿನವನು. ಅವನ ಸಿರಿಯ ಕಥೆಗಳು ಗುಡಿಸಲುಗಳಲ್ಲಿ ಎಂಥ ಆಸೆಗಳನ್ನು ಹುಟ್ಟಿಸಿರಬೇಕು! ಟಿಯಾನ್‌ಜಿನ್ ಬಳಿಯ ಜಿಂಗ್‌ಹಾಯ್‌ನಲ್ಲಿ ೧೯೦೨ರಲ್ಲಿ ಹುಟ್ಟಿದ ಸುನ್ ಯಾವೊಟಿಂಗ್ ಎಂಬ ಬಾಲಕನ ತಂದೆ ೧೯೧೧ರಲ್ಲಿ ಮನೆಯಲ್ಲಿಯೇ ಕತ್ತಿ ಹಿಡಿದು ಮಗನನ್ನು ಅರಮನೆಯ ಸೇವೆಗೆ ಅಣಿಮಾಡಿದನು. ಗಾಯ ಮಾಯುವಷ್ಟರಲ್ಲಿ ಕ್ರಾಂತಿಯಾಯಿತು. ೧೯೧೨ರ ಫೆಬ್ರವರಿಯಲ್ಲಿ ಚಕ್ರವರ್ತಿಯು ಸಿಂಹಾಸನವನ್ನು ಬಿಟ್ಟನು. ಸುನ್ ೧೯೯೬ರವರೆಗೆ ಬದುಕಿದ್ದನು. ಚೀನದ ಕಟ್ಟಕಡೆಯ ಅರಮನೆಯ ನಪುಂಸಕನೆಂದು ಹೆಸರಾದವನು ಅವನೇ.

ಪ್ರಾಂತಾಧಿಪತಿಯ ಗಾದಿ ಇದ್ದದ್ದು ಬಾವೊಡಿಂಗ್ ನಗರದಲ್ಲಿ. ೧೭೨೯ರಲ್ಲಿ ಅಲ್ಲಿ ಕಟ್ಟಿದ ಕಚೇರಿ ಇಂದಿಗೂ ನಿಂತಿದೆ. ಚಿಂಗ್ ಸಾಮ್ರಾಜ್ಯದಲ್ಲಿ ಅದಕ್ಕಿಂತ ಮಿಗಿಲಾದ ಪ್ರಾಂತಾಧಿಕಾರ ಇನ್ನೊಂದಿರಲಿಲ್ಲ. ೧೮೭೦ರಲ್ಲಿ ಅಧಿಕಾರಕ್ಕೆ ಬಂದ ಲಿ ಹೋಂಗ್‌ಜಾಂಗ್ ಹೆಚ್ಚು ಕಾಲ ಟಿಯಾನ್‌ಜಿನ್ ಬಂದರಿನಲ್ಲಿ ಕುಳಿತು, ಚಳಿಗಾಲದಲ್ಲಿ ಬಂದರು ಹೆಪ್ಪುಗಟ್ಟಿದಾಗ ಬಾವೊಡಿಂಗಿಗೆ ಬರುತ್ತಿದ್ದನು. ಕಲ್ಲಿದ್ದಲ ಗಣಿ, ತಂತಿ, ನೌಕಾಪಡೆ ಎಲ್ಲಕ್ಕೂ ಆತ ಕೈಹಾಕಿದನು. ೧೮೮೧ರಲ್ಲಿ ಟಾಂಗ್‌ಶಾನ್ ಗಣಿಯಿಂದ ಹತ್ತು ಕಿಲೋಮೀಟರಿನಷ್ಟು ರೈಲುಹಾದಿಯೂ ಆಯಿತು. ಆದರೆ ರಾಜರ ಸಮಾಧಿಗಳು ಅದೇ ಪ್ರಾಂತದ ಜ಼ುನ್‌ಹುವಾದಲ್ಲಿದ್ದವು. ಎಂಜಿನ್ನಿನ ಅದುರಿಗೆ ಪೂರ್ವಿಕರ ನಿದ್ದೆ ಕೆಡುತ್ತದೆಂಬ ಆಕ್ಷೇಪ ಬಂದುದರಿಂದ ಮೊದಮೊದಲು ಗಾಡಿಗಳನ್ನು ಹೇಸರಗತ್ತೆಗಳಿಂದ ಎಳೆಸಿದರೆಂದು ಹೇಳುತ್ತಾರೆ.

ರಾಜಧಾನಿಯನ್ನು ಹಿಡಿಯಬಯಸಿದವರೆಲ್ಲ ಝಿಲಿಯನ್ನು ತುಳಿದೇ ಹೋಗಬೇಕಾಗಿತ್ತು. ೧೮೬೦ರಲ್ಲಿ ದಾಗು ಕೋಟೆಗಳನ್ನು ಮುರಿದು ಬೀಜಿಂಗಿಗೆ ನಡೆದ ಬ್ರಿಟಿಷ್ ಸೇನೆಯಲ್ಲಿ ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯವರೂ ಇದ್ದರು. ಆ ಕದನಗಳ ಹೆಸರುಗಳು ಪಡೆಯ ಗೌರವಪಟ್ಟಿಯಲ್ಲಿ ಸೇರಿವೆ. ೧೯೦೦ರಲ್ಲಿ ಬಾಕ್ಸರ್ ದಂಗೆಯನ್ನು ಅಡಗಿಸಲು ಎಂಟು ರಾಷ್ಟ್ರಗಳ ಸೇನೆಗಳು ಬಂದವು. ಅವುಗಳೊಡನೆ ಬಂದ ರಜಪೂತ ಪಡೆಯ ಗದಾಧರ ಸಿಂಹನೆಂಬ ಯೋಧನು ೧೯೦೨ರಲ್ಲಿ ‘ಚೀನ್ ಮೇಂ ತೇರಹ್ ಮಾಸ್’ ಎಂಬ ಹಿಂದೀ ಗ್ರಂಥವನ್ನು ಪ್ರಕಟಿಸಿ, ಸುಟ್ಟ ಊರುಗಳನ್ನೂ ಸೈನಿಕರ ಲೂಟಿಯನ್ನೂ ಮರುಕದಿಂದ ವರ್ಣಿಸಿದನು. ಗೆದ್ದ ಸೇನೆಯಲ್ಲಿದ್ದುಕೊಂಡೇ ಸೋತವರ ಅಳಲನ್ನು ಕೇಳಿಸಿಕೊಂಡ ಇಂಥ ಕಿವಿಗಳು ಆ ಕಾಲದ ಬರಹಗಳಲ್ಲಿ ವಿರಳ. ವಿದೇಶೀಯರು ಬಾವೊಡಿಂಗಿನಲ್ಲಿ ಹಿರಿಯ ಅಧಿಕಾರಿಗಳ ತಲೆ ತೆಗೆಸಿದರು. ಟಿಯಾನ್‌ಜಿನ್ ನಗರದ ಕೋಟೆಗೋಡೆಯನ್ನು ಕೆಡವಿಸಿದರು. ೧೯೦೧ರ ಒಪ್ಪಂದವು ರಾಜಧಾನಿಯಿಂದ ಕಡಲವರೆಗಿನ ಹಾದಿಯಲ್ಲಿ ಪರದೇಶದ ಕಾವಲುಪಡೆಗಳಿಗೆ ಜಾಗ ಕೊಟ್ಟಿತು. ಅದೇ ಹಕ್ಕನ್ನು ಹಿಡಿದು ಉಳಿದುಕೊಂಡಿದ್ದ ಜಪಾನೀ ಪಡೆಯು ೧೯೩೭ರಲ್ಲಿ ಯೋಂಗ್‌ಡಿಂಗ್ ನದಿಯ ಲುಗೌ ಸೇತುವೆಯ ಬಳಿ ಯುದ್ಧದ ಕಿಡಿ ಹೊತ್ತಿಸಿತು.

ಅಷ್ಟರಲ್ಲಿ ಝಿಲಿ ಎಂಬ ಹೆಸರು ಹೋಗಿಯಾಗಿತ್ತು. ೧೯೨೮ರಲ್ಲಿ ರಾಷ್ಟ್ರೀಯವಾದಿ ಸರಕಾರವು ನಾನ್‌ಜಿಂಗನ್ನೇ ರಾಜಧಾನಿಯೆಂದು ಸಾರಿದ ಮೇಲೆ ‘ನೇರ ಅಧೀನ’ ಎಂಬುದಕ್ಕೆ ಅರ್ಥವಿರಲಿಲ್ಲ. ಪ್ರಾಂತವು ಹೆಬೇಯ್, ಅಂದರೆ ನದಿಯ ಬಡಗಣ ನಾಡು, ಆಯಿತು. ರಾಜಧಾನಿ ಬಿಟ್ಟುಹೋದಾಗ ಅದಕ್ಕೆ ನೆರೆಹೊರೆಯವರಂತೆ ಒಂದು ಹೊಳೆಯ ಹೆಸರು ದಕ್ಕಿತು. ೧೯೪೯ರಲ್ಲಿ ರಾಜಧಾನಿ ಬೀಜಿಂಗಿಗೆ ಮರಳಿತು. ಹೆಸರು ಮಾತ್ರ ಮರಳಲಿಲ್ಲ.

೨೦೨೩ರ ಜುಲೈ ಕೊನೆಯಲ್ಲಿ ಚಂಡಮಾರುತದ ಮಳೆ ಬೀಜಿಂಗಿನ ಪಡುವಣ ಬೆಟ್ಟಗಳ ಮೇಲೆ ಸುರಿಯಿತು. ಹೆಬೇಯ್‌ನ ತಗ್ಗುನೆಲಗಳಿಗೆ ಪ್ರವಾಹದ ನೀರನ್ನು ಬಿಡಲಾಯಿತು. ಹತ್ತು ಲಕ್ಷಕ್ಕೂ ಮಿಕ್ಕಿದ ಜನ ಮನೆ ಬಿಟ್ಟರು. ಪ್ರಾಂತದ ಪಕ್ಷಮುಖ್ಯಸ್ಥನು ಹೆಬೇಯ್ ರಾಜಧಾನಿಗೆ ಕಂದಕವಾಗಬೇಕೆಂಬ ಮಾತನ್ನಾಡಿದನು. ಆ ಮಾತಿಗೆ ಜನ ಬಹಳವಾಗಿ ಕೆರಳಿದರು. ಬಾವೊಡಿಂಗಿಗೆ ಸೇರಿದ ಝುವೊಝೌ ಎಂಬ ಊರು ಎಲ್ಲಕ್ಕಿಂತ ಹೆಚ್ಚು ಮುಳುಗಿತು. ಬೀಜಿಂಗಿನ ಪ್ರಕಾಶಕರು ತಮ್ಮ ಗೋದಾಮುಗಳನ್ನು ಅಲ್ಲಿ ಇರಿಸಿಕೊಂಡಿದ್ದರು. ನೀರು ಇಳಿದಾಗ ಲಕ್ಷಗಟ್ಟಲೆ ಪುಸ್ತಕಗಳು ಕೆಸರಿನಲ್ಲಿ ಉಬ್ಬಿ ಬಿದ್ದಿದ್ದವು.