ಉಕ್ಕಿನ ಗುರಿಯನ್ನು ಆರಿಸುವ ಮುನ್ನ

ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಕೊಡಗಿನ ಮನೆಮನೆಗಳಲ್ಲಿ ಕೈಲ್‌ಪೊಳ್ದ್ ಹಬ್ಬ ನಡೆಯುತ್ತದೆ. ಗದ್ದೆಯ ನಾಟಿ ಮುಗಿಯುವವರೆಗೆ ದೇವರ ಕೋಣೆಯಲ್ಲಿ ವಿಶ್ರಮಿಸಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಅಂದು ಶುಚಿಗೊಳಿಸಿ, ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಕಡಂಬುಟ್ಟು, ಪಂದಿಕರಿಯ ಊಟವಾದ ಮೇಲೆ ಊರಿನವರೆಲ್ಲ ಬಯಲಿನಲ್ಲಿ ಸೇರಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಕಾಯಿ ಒಡೆದರೆ ಜಯಘೋಷ, ತಪ್ಪಿದರೆ ನಗು. 1959ರ ಭಾರತೀಯ ಶಸ್ತ್ರಾಸ್ತ್ರ ಕಾಯಿದೆಯ ಪರವಾನಗಿ ನಿಯಮದಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ದೊರೆತಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋವಿಯನ್ನು ಪೂಜಾವಸ್ತುವಾಗಿ ಕಾಣುವ ನಾಡೊಂದು ನಮ್ಮ ಕರ್ನಾಟಕದೊಳಗೇ ಇದೆಯೆಂಬುದು ಇಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಸೋಜಿಗದ ಸಂಗತಿ.

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ನೆಲೆಸಿರುವ ನಾವು ಕೆಲವು ಕುಟುಂಬಗಳವರು ಚಳಿಗಾಲದಲ್ಲಿ ಒಂದೆರಡು ಬಾರಿ ಒಟ್ಟಾಗಿ ರೈಫಲ್ ಅಭ್ಯಾಸಕ್ಕೆ ಹೋಗುತ್ತೇವೆ. ನಮ್ಮಲ್ಲಿ ಕೊಡಗಿನವರೂ ಇದ್ದಾರೆ, ಕೋವಿಯನ್ನು ಪೊಲೀಸರ ಹೆಗಲ ಮೇಲೆ ಮಾತ್ರ ಕಂಡು ಬೆಳೆದ ಬಯಲುಸೀಮೆಯವರೂ ಇದ್ದಾರೆ. ಮನೆಯಲ್ಲಿ ಕೋವಿ ಬೇಡವೆಂದು ನಿಶ್ಚಯಿಸಿರುವ ಸದಸ್ಯರ ನಿಲುವನ್ನು ನಾವು ಗೌರವಿಸುತ್ತೇವೆ. ಆದರೂ ಈ ವಿಷಯ ಅವರಿಗೂ ಸಂಬಂಧಪಟ್ಟದ್ದೇ. ಟೆಕ್ಸಾಸ್‌ನಲ್ಲಿ ಬೆಳೆಯುವ ಮಕ್ಕಳನ್ನು ಶಾಲೆಯ ಗೆಳೆಯರು ತಮ್ಮ ರಾಂಚಿಗೆ ಕರೆಯುವುದು ಸಾಮಾನ್ಯ. ಅಲ್ಲಿ ಹುಲ್ಲುಗಾವಲಿನ ಅಂಚಿನಲ್ಲಿ ಸರಪಳಿಗೆ ತೂಗಿದ ಉಕ್ಕಿನ ಫಲಕವೊಂದು ಇರುವುದೂ ಅಷ್ಟೇ ಸಾಮಾನ್ಯ. ಆ ಫಲಕ ಎಂಥದ್ದು, ಹೇಗೆ ತೂಗಿದೆ, ಎಷ್ಟು ದೂರದಲ್ಲಿದೆ ಎಂಬುದನ್ನು ನೋಡಿ ತಿಳಿಯಬಲ್ಲ ಹಿರಿಯರೊಬ್ಬರು ಜೊತೆಗಿರುವುದು ಒಳ್ಳೆಯದು.

ಮೊದಲು ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ಎಚ್-1ಬಿ, ಎಲ್-1, ಎಫ್-1, ಎಚ್-4 ಮೊದಲಾದ ತಾತ್ಕಾಲಿಕ ವೀಸಾಗಳಲ್ಲಿ ಇರುವವರು ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಹೊಂದಿರುವುದನ್ನು ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಇರುವುದು ಇದಕ್ಕಿರುವ ಮುಖ್ಯ ವಿನಾಯಿತಿ. ಗ್ರೀನ್ ಕಾರ್ಡ್ ಪಡೆದವರಿಗೆ ಈ ನಿಷೇಧ ಅನ್ವಯಿಸದು. ವೀಸಾದ ಮೇಲಿರುವ ಸದಸ್ಯರು ಗೆಳೆಯರ ರೈಫಲನ್ನು ಕೈಗೆತ್ತಿಕೊಳ್ಳುವ ಮುನ್ನ ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳಲಿ. ಇನ್ನು ಟೆಕ್ಸಾಸ್‌ನಲ್ಲಿ ಹಾರಿಸಿದ ಗುಂಡು ಬೇರೊಬ್ಬರ ಜಮೀನಿನ ಗಡಿಯನ್ನು ದಾಟುವುದು ಅಪರಾಧ. ಹದಿನೇಳು ತುಂಬದ ಮಕ್ಕಳ ಕೈಗೆ ಗುಂಡು ತುಂಬಿದ ಬಂದೂಕು ಸಿಗುವಂತೆ ಅಲಕ್ಷ್ಯದಿಂದ ಇಡುವುದೂ ಅಪರಾಧ. ಈ ಮಿತಿಗಳೊಳಗೆ ನಿಂತೇ ಮುಂದಿನ ಮಾತು.

ಒಮ್ಮೆ ಊರಿನಿಂದ ಮಕ್ಕಳ ಮನೆಗೆ ಬಂದಿದ್ದ ವಿರಾಜಪೇಟೆ ಕಡೆಯ ಹಿರಿಯರೊಬ್ಬರು ನಮ್ಮೊಡನೆ ಬಂದರು. ದೂರದಲ್ಲಿ ತೂಗುತ್ತಿದ್ದ ಬಿಳಿಯ ಫಲಕವನ್ನು ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿ, "ಕಾಯಿಗೆ ಹೊಡೆದರೆ ನೀರು ಬರುತ್ತದೆ. ಇದಕ್ಕೆ ಹೊಡೆದರೆ ಏನು ಬರುತ್ತದಪ್ಪಾ?" ಎಂದು ಕೇಳಿದರು. ಉಕ್ಕಿನ ಗುರಿಯನ್ನು ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ತೆಂಗಿನಕಾಯಿ ಒಡೆದು ಗುಂಡಿಗೆ ದಾರಿ ಬಿಡುತ್ತದೆ, ಕಾಗದವೂ ಹಾಗೆಯೇ. ಗಟ್ಟಿಯಾದ ಉಕ್ಕು ದಾರಿ ಬಿಡುವುದಿಲ್ಲ. ಸೀಸ ಮತ್ತು ತಾಮ್ರದ ಗುಂಡು ಅದಕ್ಕೆ ಬಡಿದು ಪುಡಿಯಾಗಿ, ಆ ಚೂರುಗಳು ಫಲಕದ ಮೈಗುಂಟ ಬೀಸಣಿಗೆಯಂತೆ ಸುತ್ತಲೂ ಚಿಮ್ಮುತ್ತವೆ. ಫಲಕದ ಮುಖ ನುಣ್ಣಗೆ, ಸಮತಟ್ಟಾಗಿ ಇರುವವರೆಗೆ ಚೂರುಗಳ ದಾರಿಯನ್ನು ಬಹುಮಟ್ಟಿಗೆ ಮೊದಲೇ ಊಹಿಸಬಹುದು. ಮುಖದಲ್ಲಿ ಕುಳಿ ಬಿದ್ದರೆ, ಮುಂದಿನ ಗುಂಡು ಆ ಕುಳಿಯ ಅಂಚನ್ನು ಹಿಡಿದು ಹೊಡೆದವರ ಕಡೆಗೇ ತಿರುಗಬಹುದು. ಉಕ್ಕಿನ ಗುರಿಯ ಸುರಕ್ಷತೆಯೆಲ್ಲ ಈ ಒಂದು ಸಂಗತಿಯಿಂದ ಹೊರಡುತ್ತದೆ: ಫಲಕದ ಮುಖದಲ್ಲಿ ಕುಳಿ ಬೀಳಬಾರದು.

ಕುಳಿ ಬೀಳದಿರಲು ಉಕ್ಕಿಗೆ ಗಡಸುತನ ಬೇಕು. ಸ್ವೀಡನ್ನಿನ ಎಂಜಿನಿಯರ್ ಬ್ರಿನೆಲ್ ಅವರು 1900ರಲ್ಲಿ ಪರಿಚಯಿಸಿದ ಅಳತೆಯಿಂದ ಇದನ್ನು ಲೆಕ್ಕ ಹಾಕುತ್ತಾರೆ: 10 ಮಿಲಿಮೀಟರ್ ವ್ಯಾಸದ ಗೋಲಿಯನ್ನು 3000 ಕಿಲೋ ಭಾರದಿಂದ ಉಕ್ಕಿನ ಮೇಲೆ ಒತ್ತಿ, ಅದು ಮೂಡಿಸುವ ಗುಳಿಯ ಅಗಲವನ್ನು ಅಳೆಯುವುದು. ಗೇಟು, ಕಿಟಕಿಯ ಸರಳು, ಕಟ್ಟಡದ ತೊಲೆಗಳಿಗೆ ಬಳಸುವ ಮೃದು ಉಕ್ಕಿನ ಬ್ರಿನೆಲ್ ಸಂಖ್ಯೆ ಸುಮಾರು 120ರಿಂದ 140. ರೈಫಲ್ ಗುರಿಗೆ ಬಳಸುವ ಎಆರ್ 500 ಉಕ್ಕಿನದು ಹೆಸರೇ ಹೇಳುವಂತೆ ಸುಮಾರು 500. ಭದ್ರಾವತಿಯ ಕಾರ್ಖಾನೆಯ ವಸತಿಯಲ್ಲಿ ಬೆಳೆದ ನಮ್ಮ ಗೆಳೆಯರೊಬ್ಬರು ಹೇಳುವಂತೆ, ಉಕ್ಕು ಎಂಬ ಒಂದೇ ಹೆಸರಿನ ಮನೆಯಲ್ಲಿ ಗುಣ ಬೇರೆಬೇರೆಯಾದ ಅಣ್ಣತಮ್ಮಂದಿರು ಬಹಳ. ಎಆರ್ ಎಂದರೆ ಸವೆತವನ್ನು ತಡೆಯುವಂಥದ್ದು. ಗಣಿಗಳಲ್ಲಿ ಕಲ್ಲು ಹೊರುವ ಲಾರಿಗಳ ತೊಟ್ಟಿಗೂ ಅಗೆಯುವ ಯಂತ್ರಗಳ ಬಕೆಟ್ಟಿಗೂ ಇಂಥ ಉಕ್ಕನ್ನೇ ಬಳಸುತ್ತಾರೆ.

ತೈಲೋದ್ಯಮದ ನಗರವಾದ ಹ್ಯೂಸ್ಟನ್ನಿನಲ್ಲಿ ಉಕ್ಕು ಕತ್ತರಿಸುವ ಶೆಡ್ಡುಗಳಿಗೆ ಕೊರತೆಯಿಲ್ಲ. ಗುಜರಿಯ ತುಂಡೊಂದನ್ನು ತಂದು, ಗುಂಡಗೆ ಕತ್ತರಿಸಿ ತೂಗಿದರೆ ಹಣ ಉಳಿಯುವುದಲ್ಲವೇ ಎಂಬ ಮಾತು ನಮ್ಮ ನಡುವೆಯೂ ಬಂತು. ಚರ್ಚೆಯ ನಂತರ ನಾವು ಅದನ್ನು ಕೈಬಿಟ್ಟೆವು. ಕಾರಣ ಎರಡು. ಗುಜರಿಯ ಉಕ್ಕಿನ ಗಡಸುತನವನ್ನು ಕಣ್ಣಿನಿಂದ ನೋಡಿ ಹೇಳಲಾಗದು. ಬಾಗಿದ ಕೊಳವೆಯ ತುಂಡಾದರೆ ಚೂರುಗಳು ಎತ್ತ ಚಿಮ್ಮುವುವೆಂಬುದನ್ನೂ ಹೇಳಲಾಗದು. ಎರಡನೆಯದು ಶಾಖ. ಗಡಸು ಉಕ್ಕು ಆ ಗುಣವನ್ನು ಪಡೆಯುವುದು ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ ಹದಗೊಳಿಸುವುದರಿಂದ. ಗ್ಯಾಸ್ ಜ್ವಾಲೆಯಿಂದ ಕತ್ತರಿಸಿದರೆ ಅಂಚಿನುದ್ದಕ್ಕೂ ಆ ಹದ ಕೆಟ್ಟು ಉಕ್ಕು ಮೆತ್ತಗಾಗುತ್ತದೆ. ಮುಖದ ಮೇಲೆ ವೆಲ್ಡಿಂಗ್ ಮಾಡಿದರೂ ಹಾಗೆಯೇ. ಮೆತ್ತಗಾದ ಜಾಗದಲ್ಲೇ ಕುಳಿ ಬೀಳುತ್ತದೆ. ಆದ್ದರಿಂದ ಲೇಸರ್ ಅಥವಾ ನೀರಿನ ಧಾರೆಯಿಂದ ಕತ್ತರಿಸಿದ, ವೆಲ್ಡಿಂಗ್ ಇಲ್ಲದ, ಬೋಲ್ಟಿನಿಂದ ತೂಗುವ ಫಲಕವನ್ನೇ ಆರಿಸಬೇಕು. ಶೆಡ್ಡಿನಲ್ಲಿ ಮಾಡಿಸಲೇಬೇಕೆಂದಿದ್ದರೆ, ಉಕ್ಕಿನ ಗಿರಣಿಯ ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಅದನ್ನು ತೋರಿಸಲು ಹಿಂಜರಿಯುವ ಕಡೆ ವ್ಯಾಪಾರ ಬೇಡ.

ದಪ್ಪ ಮತ್ತು ಅಗಲದ ಲೆಕ್ಕ ಹೀಗಿದೆ. ಸಾಮಾನ್ಯ ರೈಫಲ್ಲುಗಳಿಗೆ 3/8 ಅಂಗುಲ ದಪ್ಪ ವಾಡಿಕೆ. ಹೆಚ್ಚು ಬಲದ ಮ್ಯಾಗ್ನಂ ರೈಫಲ್ಲುಗಳಿಗೆ 1/2 ಅಂಗುಲ. ಒಂದಡಿ ಉದ್ದ, ಒಂದಡಿ ಅಗಲದ 3/8 ಅಂಗುಲದ ಫಲಕ ಸುಮಾರು 15 ಪೌಂಡು, ಅಂದರೆ ಏಳು ಕಿಲೋ ತೂಗುತ್ತದೆ. ಅದೇ ಅಳತೆಯ ವೃತ್ತಾಕಾರದ್ದು 12 ಪೌಂಡು. ಕಲಿಯುವವರಿಗೆ ದೊಡ್ಡ ಫಲಕವೇ ಒಳ್ಳೆಯದು. ತೀರ ಚಿಕ್ಕದನ್ನು ಇಟ್ಟು ಮಕ್ಕಳ ಉತ್ಸಾಹವನ್ನು ಕುಗ್ಗಿಸುವುದರಲ್ಲಿ ಅರ್ಥವಿಲ್ಲ.

ಉಕ್ಕನ್ನು ಕೆಡಿಸುವುದರಲ್ಲಿ ಗುಂಡಿನ ಗಾತ್ರಕ್ಕಿಂತ ವೇಗದ ಪಾತ್ರ ಹಿರಿದು. ಗುಂಡು ಬಡಿಯುವಾಗ ಅದರ ವೇಗ ಸೆಕೆಂಡಿಗೆ 3000 ಅಡಿಯನ್ನು ಮೀರಬಾರದೆಂಬುದು ಫಲಕ ತಯಾರಕರ ಸಾಮಾನ್ಯ ಸೂಚನೆ. ಚಿಕ್ಕದೆಂದು ತೋರುವ .223 ಗುಂಡು ನಳಿಗೆಯಿಂದ ಹೊರಡುವಾಗ ಸುಮಾರು 3200 ಅಡಿ ವೇಗದಲ್ಲಿರುತ್ತದೆ. 100 ಗಜ ಸಾಗುವ ಹೊತ್ತಿಗೆ ಅದು 2800 ಅಡಿಯ ಆಸುಪಾಸಿಗೆ ಇಳಿಯುತ್ತದೆ. ಆದುದರಿಂದ ರೈಫಲ್ಲಿಗೆ 100 ಗಜಕ್ಕಿಂತ ಹತ್ತಿರದಲ್ಲಿ ಉಕ್ಕಿನ ಗುರಿಯನ್ನು ಇಡಬಾರದು. ಈ ದೂರ ಫಲಕವನ್ನೂ ಕಾಯುತ್ತದೆ, ನಿಂತವರನ್ನೂ ಕಾಯುತ್ತದೆ. ಒಳಗೆ ಉಕ್ಕಿನ ತಿರುಳಿರುವ ಗುಂಡುಗಳನ್ನು ಎಂದಿಗೂ ಬಳಸಕೂಡದು. ಅವು ಫಲಕವನ್ನು ಕೊರೆಯುತ್ತವೆ, ಒಣಹುಲ್ಲಿಗೆ ಕಿಡಿಯನ್ನೂ ಹಾರಿಸುತ್ತವೆ. ಹಲವು ರೇಂಜುಗಳಲ್ಲಿ ಬಾಗಿಲಲ್ಲೇ ಅಯಸ್ಕಾಂತ ಹಿಡಿದು ಗುಂಡುಗಳನ್ನು ಪರೀಕ್ಷಿಸುವುದು ಇದಕ್ಕಾಗಿಯೇ.

ಫಲಕವನ್ನು ಕೊಂಡೆವಾದರೂ ಅದರ ಚೌಕಟ್ಟನ್ನು ನಾವೇ ಮಾಡಿದೆವು. ಆಸ್ಟಿನ್ನಿನ ಗೆಳೆಯರ ಗ್ಯಾರೇಜಿನಲ್ಲಿ ಒಂದು ಶನಿವಾರ ಮಕ್ಕಳೂ ಸೇರಿ ಮರದ ತೊಲೆಗಳನ್ನು ಕೊಯ್ದು, ಎರಡು ಕಡೆ ಕವಲುಗಾಲು ನಿಲ್ಲಿಸಿ, ನಡುವೆ ಅಡ್ಡಪಟ್ಟಿ ಹಾಕಿದೆವು. ಗುಂಡು ತಗುಲಿದರೆ ಮರ ಅದನ್ನು ನುಂಗಿಕೊಳ್ಳುತ್ತದೆ, ಕೆಟ್ಟರೆ ಅಗ್ಗದಲ್ಲಿ ಬದಲಾಯಿಸಬಹುದು. ಸರಪಳಿಗೆ ಬದಲಾಗಿ ದಪ್ಪ ರಬ್ಬರ್ ಪಟ್ಟಿಯಿಂದ ಫಲಕವನ್ನು ತೂಗಿದೆವು. ಮುಖ್ಯವಾದುದು ವಾಲುವಿಕೆ: ಫಲಕದ ಮುಖ ಸುಮಾರು 20 ಡಿಗ್ರಿ ನೆಲದ ಕಡೆಗೆ ಬಾಗಿರಬೇಕು. ಆಗ ಚೂರುಗಳಲ್ಲಿ ಹೆಚ್ಚಿನವು ಮಣ್ಣಿಗಿಳಿಯುತ್ತವೆ. ಫಲಕದ ಹಿಂದೆ ಎತ್ತರವಾದ ಮಣ್ಣಿನ ದಿಬ್ಬ ಇರಲೇಬೇಕು. ಪುಟ್ಟ .22 ಗುಂಡು ಕೂಡ ಒಂದು ಮೈಲಿಗಿಂತ ದೂರ ಹೋಗಬಲ್ಲದು. ಟೆಕ್ಸಾಸ್‌ನ ಚಪ್ಪಟೆ ನೆಲದಲ್ಲಿ ಅದನ್ನು ತಡೆಯುವ ಗುಡ್ಡಗಳಿಲ್ಲ.

ಸ್ವಂತ ಜಮೀನಿಲ್ಲದವರಿಗೆ ಸಾರ್ವಜನಿಕ ರೇಂಜುಗಳೇ ಲೇಸು. ಡಲ್ಲಾಸ್‌ನ ಎಲ್ಮ್ ಫೋರ್ಕ್, ಹ್ಯೂಸ್ಟನ್ನಿನ ಜಾರ್ಜ್ ಬುಷ್ ಪಾರ್ಕಿನೊಳಗಿರುವ ಅಮೆರಿಕನ್ ಶೂಟಿಂಗ್ ಸೆಂಟರ್ಸ್, ಆಸ್ಟಿನ್ ಬಳಿಯ ಲಿಬರ್ಟಿ ಹಿಲ್‌ನ ಬೆಸ್ಟ್ ಆಫ್ ದ ವೆಸ್ಟ್ ನಮಗೆ ಹತ್ತಿರದವು. ಪ್ರತಿಯೊಂದರ ನಿಯಮ ಬೇರೆ. ಹೊರಡುವ ಮುನ್ನ ಕೇಳಿ ತಿಳಿಯುವುದು ಉತ್ತಮ.

ಎಲ್ಲಿಗೇ ಹೋಗಲಿ, ಹೊಡೆಯುವವರಿಗಷ್ಟೇ ಅಲ್ಲದೆ ನೋಡುವವರಿಗೂ ಪಕ್ಕ ಮುಚ್ಚುವ ರಕ್ಷಣಾ ಕನ್ನಡಕ ಮತ್ತು ಕಿವಿಗಾಪು ಬೇಕು. ಓದುವ ಕನ್ನಡಕ ಸಾಲದು. ಅಭ್ಯಾಸ ಮುಗಿದ ಮೇಲೆ ಸೀಸದ ಧೂಳು ಕೈಗೆ, ಬಟ್ಟೆಗೆ, ಬೂಟಿಗೆ ಅಂಟಿರುತ್ತದೆ. ಎಳೆಯ ಮಕ್ಕಳಿಗೂ ಗರ್ಭಿಣಿಯರಿಗೂ ಅದು ವಿಷ. ಹೊರಗಿನಿಂದ ಬಂದವರು ಮೆಟ್ಟು ಹೊರಗೇ ಬಿಟ್ಟು, ಕೈಕಾಲು ಮುಖ ತೊಳೆದು ಒಳಗೆ ಬರಬೇಕೆಂಬ ನಮ್ಮ ಅಜ್ಜಿಯಂದಿರ ನಿಯಮಕ್ಕೆ ಇಲ್ಲಿ ಹೊಸ ಕಾರಣ ಸಿಕ್ಕಿದೆ. ತಂದ ಬುತ್ತಿಯನ್ನು ಬಿಚ್ಚುವುದೂ ಸೋಪಿನಿಂದ ಕೈ ತೊಳೆದ ಮೇಲೆಯೇ.

ಇಷ್ಟೆಲ್ಲ ಎಚ್ಚರಿಕೆಯ ನಡುವೆ ಸಂತೋಷವೆಲ್ಲಿ ಎಂದು ಕೇಳಬಹುದು. ಕಾಗದದ ಗುರಿ ಮೌನಿ. ನಡೆದುಹೋಗಿ ನೋಡುವವರೆಗೆ ಏನೂ ಹೇಳದು. ಉಕ್ಕು ಕೂಡಲೇ ಉತ್ತರಿಸುತ್ತದೆ. 100 ಗಜದಲ್ಲಿ ಗುಂಡು ಬಡಿದ ನಂತರ ಕಾಲು ಸೆಕೆಂಡಿಗಿಂತ ತುಸು ತಡವಾಗಿ, ದೇವಸ್ಥಾನದ ಚಿಕ್ಕ ಗಂಟೆಯಂತಹ ನಾದ ಕೇಳಿಬರುತ್ತದೆ. 500 ಗಜಕ್ಕೆ ಆ ಕಾಯುವಿಕೆ ಒಂದೂಕಾಲು ಸೆಕೆಂಡಿಗೂ ಮೀರುತ್ತದೆ. ನಮ್ಮ ನೆರೆಯ ಮೆಕ್ಸಿಕೋದಲ್ಲಿ ಹುಟ್ಟಿದ ಒಂದು ಸ್ಪರ್ಧೆಯಲ್ಲಿ ಉಕ್ಕಿನ ಕೋಳಿಯನ್ನು 200 ಮೀಟರಿನಲ್ಲಿ, ಹಂದಿಯನ್ನು 300ರಲ್ಲಿ, ಟರ್ಕಿ ಕೋಳಿಯನ್ನು 385ರಲ್ಲಿ, ಟಗರನ್ನು 500ರಲ್ಲಿ ನಿಲ್ಲಿಸುತ್ತಾರೆ. ತಗುಲಿದರೆ ಸಾಲದು, ಅದು ಉರುಳಬೇಕು. ಇದನ್ನು ಕೇಳಿದಾಗ ವಿರಾಜಪೇಟೆಯ ಹಿರಿಯರು ಬಹಳ ಮೆಚ್ಚಿಕೊಂಡರು. "ಕಾಯಿ ಒಡೆಯಬೇಕು, ಟಗರು ಬೀಳಬೇಕು. ಸರಿಯಾದ ಲೆಕ್ಕ" ಎಂದರು. ಆ ದಿನ ಹೊಡೆತಗಳ ನಡುವೆ ಅವರು ಮಕ್ಕಳಿಗೆ ಪುತ್ತರಿಯಂದು ಗದ್ದೆಯಲ್ಲಿ ಕದಿರು ಕೊಯ್ಯುವಾಗ ಹಾರಿಸುವ ಗುಂಡಿನ ಕಥೆಯನ್ನೂ, ಮನೆಯಲ್ಲಿ ಸಾವಾದಾಗ ಹಾರಿಸುವ ಎರಡು ಗುಂಡುಗಳ ಅರ್ಥವನ್ನೂ ಹೇಳಿದರು. ಸಾವಿನ ಸುದ್ದಿಯನ್ನು ಊರಿಗೆ ಮುಟ್ಟಿಸಲು ಕೋವಿಯೇ ಮಾತಾಗಿದ್ದ ಕಾಲವನ್ನು ಮಕ್ಕಳು ಮೊದಲ ಬಾರಿಗೆ ಕೇಳಿದರು. ಹೊಡೆಯುವ ಆತುರದಲ್ಲಿದ್ದವರೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು.

ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಮಕ್ಕಳು ಗೆಳೆಯರ ರಾಂಚಿಗೆ ಹೊರಟರೆ ಸಂಕೋಚಪಡದೆ ಕೇಳಿ: ಫಲಕ ಯಾವ ಉಕ್ಕಿನದು? ಮುಖದಲ್ಲಿ ಕುಳಿ, ಬಿರುಕು, ಬಾಗು ಇವೆಯೇ? ಕೆಳಕ್ಕೆ ವಾಲಿದೆಯೇ? 100 ಗಜ ದೂರವಿದೆಯೇ? ಹಿಂದೆ ಮಣ್ಣಿನ ದಿಬ್ಬವಿದೆಯೇ? ಎಲ್ಲರಿಗೂ ಕನ್ನಡಕವಿದೆಯೇ? ಈ ಪ್ರಶ್ನೆಗಳನ್ನು ಕೇಳಿದವರನ್ನು ಟೆಕ್ಸಾಸ್‌ನ ಅನುಭವಿ ರಾಂಚಿನವರು ಎಂದೂ ಕೀಳಾಗಿ ಕಂಡದ್ದನ್ನು ನಾವು ನೋಡಿಲ್ಲ. ಬದಲಿಗೆ ಕುರ್ಚಿ ಎಳೆದು ಕೂರಿಸಿ ಸಾವಧಾನವಾಗಿ ವಿವರಿಸಿದ್ದಾರೆ. ಯಾವುದಾದರೊಂದಕ್ಕೆ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಅಂದು ಕಾಗದದ ಗುರಿಯೇ ಸಾಕು.

ಹಳೆಯ ಫಲಕಗಳನ್ನು ಇಟ್ಟುಕೊಂಡಿರುವವರು ಚಳಿಗಾಲದ ಅಭ್ಯಾಸ ಆರಂಭವಾಗುವ ಮುನ್ನ ಅವುಗಳ ಬಣ್ಣ ಕೆರೆದು, ಮುಖವನ್ನು ಬೆರಳಿನಿಂದ ಸವರಿ ನೋಡಲಿ. ಕುಳಿ ಸಿಕ್ಕಿದ ಫಲಕವನ್ನು ಗುಜರಿಗೆ ಹಾಕುವುದೇ ಸರಿ. ಚೌಕಟ್ಟು ಮಾಡಲು ನೆರವು ಬೇಕಾದವರು ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಮ್ಮನ್ನು ಮಾತನಾಡಿಸಿರಿ. ಗರಗಸವೂ ಅಳತೆಪಟ್ಟಿಯೂ ಆಸ್ಟಿನ್ನಿನ ಗ್ಯಾರೇಜಿನಲ್ಲಿ ಸಿದ್ಧವಾಗಿವೆ.