ಮುತ್ಯಾನ ಕೈ

ನಮ್ಮ ಮುತ್ಯಾನ ಬಲಗೈ ನಡುಗುತ್ತದೆ. ಕಟ್ಟೆ ಮೇಲೆ ಸುಮ್ಮನೆ ಕುಂತಾಗ ಹೆಬ್ಬೆರಳು ತಂಬಾಕ ತಿಕ್ಕಿದಂಗ ಆಡುತ್ತದೆ. ಚಹಾದ ಕಪ್ಪು ಹಿಡಿಯಲು ಕೈ ಎತ್ತಿದರೆ ನಿಲ್ಲುತ್ತದೆ. ಅದಕ್ಕೆ ಓಣಿಯಲ್ಲಿ ಕೆಲವರು, “ಮುದುಕ ನಾಟಕ ಮಾಡ್ತಾನ, ಚಾ ಕುಡಿಯಾಗ ಹ್ಯಾಂಗ ನಿಲ್ತದ?” ಎಂದು ನಗುತ್ತಿದ್ದರು. ನಾನೂ ಗೆಳೆಯರ ಮುಂದೆ ಕೈ ನಡುಗಿಸಿ ತೋರಿಸುತ್ತಿದ್ದೆ. ಒಂದು ದಿನ ಮುತ್ಯಾ ಹಿಂದೆಯೇ ನಿಂತಿದ್ದ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. ಅವನಿಗೆ ಏನೂ ಅನಿಸಿಲ್ಲ ಎಂದು ತಿಳಿದೆ.

ದಸರಾ ರಜೆಯಲ್ಲಿ ಅಪ್ಪ ಅವನನ್ನು ನಾಲವಾರ ಸ್ಟೇಷನ್ನಿನಿಂದ ರೈಲಿನಲ್ಲಿ ಕಲಬುರಗಿಗೆ ಕರೆದುಕೊಂಡು ಹೋದ. ನಾನೂ ಹೋಗಿದ್ದೆ. ಡಾಕ್ಟರು ಹೆಬ್ಬೆರಳಿಗೆ ತೋರುಬೆರಳು ಬಡಿಯಲು ಹೇಳಿದರು. ಬರಬರುತ್ತ ಬಡಿತ ಸಣ್ಣದಾಯಿತು, ನಿಧಾನವಾಯಿತು. ಮೊಣಕೈ ಮಡಚಿ ಬಿಡಿಸಿದರು. ಅದು ಹಲ್ಲಿನ ಚಕ್ರದ ಹಾಗೆ ತಡೆದು ತಡೆದು ಬಂತು. ನಡೆಸಿ ನೋಡಿದರು. ಎಡಗೈ ಬೀಸಿತು, ಬಲಗೈ ಬೀಸಲಿಲ್ಲ. ಒಂದು ಸಾಲು ಬರೆಸಿದರು. ಅಕ್ಷರ ಜೋಳದ ಕಾಳಿನಷ್ಟು ಶುರುವಾಗಿ ಸಾಸಿವೆಯಷ್ಟಾದವು. “ವಾಸನಿ ತಿಳಿತದೇನು?” ಎಂದು ಕೇಳಿದರು. “ವಗ್ಗರಣಿ ವಾಸನಿನೂ ಬರಂಗಿಲ್ಲ” ಅಂದ ಮುತ್ಯಾ. ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಅವನು ನುಂಗುವ ಗುಳಿಗೆಗಳನ್ನೂ ನೋಡಿದರು. ಕೆಲವು ಔಷಧಿಗಳಿಂದಲೂ ಇಂಥ ಲಕ್ಷಣ ಬರುತ್ತವಂತೆ.

ಮುತ್ಯಾನಿಗೆ ಇರುವುದು ಪಾರ್ಕಿನ್ಸನ್ ರೋಗ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದರ ಬಗ್ಗೆ ಬರೆದರು. ಮೆದುಳಿನಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ಕಡಿಮೆಯಾಗುತ್ತವೆ. ನಡುಕ ಇಲ್ಲದವರಿಗೂ ಇದು ಬರಬಹುದು, ಆದರೆ ಕೈಕಾಲು ನಿಧಾನವಾಗುವುದು ಮುಖ್ಯ ಲಕ್ಷಣ. ಸುಮ್ಮನಿದ್ದಾಗ ನಡುಗಿ, ಕೈ ಎತ್ತಿದಾಗ ಕಡಿಮೆಯಾಗುವುದು ಈ ರೋಗದ ಗುರುತು, ನಾಟಕವಲ್ಲ. “ಒಳಗ ನಗ್ತಾರ, ಅಳ್ತಾರ. ಮುಖದಾಗ ಕಾಣಂಗಿಲ್ಲ ಅಷ್ಟ” ಅಂದರು ಡಾಕ್ಟರು. ನನಗೆ ಆ ದಿನದ ನೆನಪಾಯಿತು.

ಮನೆಗೆ ಬಂದು ಮುತ್ಯಾನ ತೊಗರಿ ಲೆಕ್ಕದ ವಹಿ ತೆಗೆದು ನೋಡಿದೆ. ವರ್ಷದಿಂದ ವರ್ಷಕ್ಕೆ ಅಕ್ಷರ ಸಣ್ಣದಾಗುತ್ತ ಬಂದಿದ್ದವು. ನಾವು ಯಾರೂ ಅದನ್ನು ಗಮನಿಸಿರಲಿಲ್ಲ.

ಗುಳಿಗೆಯಿಂದ ರೋಗ ಪೂರ್ತಿ ಹೋಗುವುದಿಲ್ಲ. ಆದರೆ ಮುತ್ಯಾ ಈಗ ಅಂಗಿ ಗುಂಡಿ ತಾನೇ ಹಾಕಿಕೊಳ್ಳುತ್ತಾನೆ. ನಾನು “ಮುತ್ಯಾ, ನಂದು ತಪ್ಪಾತು” ಅಂದೆ. ಅವನ ಮುಖ ಹಾಗೆಯೇ ಇತ್ತು. ಬಲಗೈ ಎತ್ತಿ ನನ್ನ ತಲೆ ಮೇಲೆ ಇಟ್ಟ. ಇಡುವಾಗ ಕೈ ನಡುಗಲಿಲ್ಲ, ಇಟ್ಟ ಮೇಲೆ ನಡುಗಿತು.

ಗೆಳೆಯ ಗೆಳತಿಯರೇ, ನಿಮ್ಮ ಮನೆಯ ಹಿರಿಯರ ಕೈ, ನಡಿಗೆ, ಅಕ್ಷರ ಬದಲಾದರೆ “ವಯಸ್ಸಾತು” ಎಂದು ಬಿಡಬೇಡಿರಿ. ಡಾಕ್ಟರಿಗೆ ತೋರಿಸಿರಿ. ನಗಬೇಡಿರಿ.

— ಏಳನೇ ತರಗತಿಯ ವಿದ್ಯಾರ್ಥಿ