ಸೈಟಿಗೂ ಒಂದು ಪೂರ್ವಾಶ್ರಮ

ಸಾಫ್ಟ್‌ವೇರಿನವರಿಗೆ ‘ಬ್ರೌನ್‌ಫೀಲ್ಡ್ ಪ್ರಾಜೆಕ್ಟ್’ ಅಂದ್ರೆ ಗೊತ್ತಿರುತ್ತೆ. ಯಾರೋ ಹತ್ತು ವರ್ಷದ ಹಿಂದೆ ಬರೆದು, ಕೆಲಸ ಬಿಟ್ಟು ಹೋದ ಕೋಡು. ಡಾಕ್ಯುಮೆಂಟ್ ಇಲ್ಲ, ಕೇಳೋಣ ಅಂದ್ರೆ ಜನ ಇಲ್ಲ, ಅದರ ಮೇಲೇ ಹೊಸದು ಕಟ್ಟಬೇಕು. ಈ ಪದವನ್ನು ನಮ್ಮವರು ಎರವಲು ತಂದಿದ್ದು ನಿಜವಾದ ನೆಲದಿಂದ. ಹಿಂದೆ ಕಾರ್ಖಾನೆಯೋ, ಗಣಿಯೋ, ಪೆಟ್ರೋಲ್ ಬಂಕೋ, ಕಸದ ಗುಂಡಿಯೋ ಆಗಿದ್ದು, ಈಗ ಅದರ ಮೇಲೆ ಮತ್ತೆ ಏನಾದರೂ ಕಟ್ಟಲು ಹೊರಟ ಜಾಗಕ್ಕೆ ಬ್ರೌನ್‌ಫೀಲ್ಡ್ ಅಂತಾರೆ.

ನಾನು ಓದಿದ್ದು ಸಿವಿಲ್, ಹೊಟ್ಟೆಪಾಡು ಸಾಫ್ಟ್‌ವೇರು. (ನಮ್ಮ ಬ್ಯಾಚಿನ ಅರ್ಧ ಜನರ ಕತೆ ಇದೇ ಬಿಡಿ.) ಎರಡು ವರ್ಷದಿಂದ ಇಂಗ್ಲೆಂಡಿನ ಒಂದು ಕ್ಲೈಂಟಿಗೆ ಮಣ್ಣು ಪರೀಕ್ಷೆಯ ದಾಖಲೆಗಳನ್ನು ಇಡುವ ಸಾಫ್ಟ್‌ವೇರ್ ಮಾಡ್ತಾ ಇದೀವಿ. ನೆಲ ಕೊರೆದು, ಯಾವ ಆಳದಲ್ಲಿ ಯಾವ ಮಣ್ಣು, ಯಾವ ಬಣ್ಣ, ಏನು ವಾಸನೆ ಅಂತ ಬರೆದಿರ್ತಾರೆ. ಅದರಲ್ಲಿ ‘ಮೇಡ್ ಗ್ರೌಂಡ್’ ಅಂತ ಒಂದು ಪದ ಪದೇ ಪದೇ ಬರುತ್ತೆ. ಪ್ರಕೃತಿ ಮಾಡಿದ್ದಲ್ಲ, ಮನುಷ್ಯ ತಂದು ಸುರಿದ ನೆಲ. ಕಪ್ಪು ಬೂದಿ, ಇಟ್ಟಿಗೆ ಚೂರು, ಗಾಜು, ಎಣ್ಣೆ ವಾಸನೆ... ಓದ್ತಾ ಹೋದ್ರೆ ಒಂದು ಊರಿನ ಚರಿತ್ರೆ ಓದಿದ ಹಾಗಿರುತ್ತೆ.

ನೆಲದೊಳಗಿನ ಅನಿಲ ಅಳೆದು ತುಂಬಿಸುವ ಒಂದು ಪರದೆ ಇದೆ. ಅಳೆದ ದಿನದ ವಾಯುಭಾರ ತುಂಬದೇ ಇದ್ದರೆ ದಾಖಲೆ ಸೇವ್ ಆಗಲೇಬಾರದು ಅಂತ ಕ್ಲೈಂಟ್ ಕಡೆಯವರು ಹಟ ಹಿಡಿದರು. ಮಣ್ಣಿಗೂ ಹವಾಮಾನಕ್ಕೂ ಏನಪ್ಪಾ ಸಂಬಂಧ ಅಂತ ಕೇಳಿದೆ. ಅಲ್ಲಿಯ ಹಿರಿಯ ಇಂಜಿನಿಯರ್ ಒಬ್ಬರು “ಲಾಸ್ಕೋ ಬಗ್ಗೆ ಓದು” ಅಂದರು.

ಓದಿದೆ. ಲಾಸ್ಕೋ ಇಂಗ್ಲೆಂಡಿನ ಡರ್ಬಿಶೈರಿನಲ್ಲಿರುವ ಊರು. ಇಟ್ಟಿಗೆಗೆ ಅಂತ ಜೇಡಿಮಣ್ಣು ತೆಗೆದು ಆದ ಗುಂಡಿಗೆ ಮನೆಮನೆಯ ಕಸ ತುಂಬಿದ್ದರು. ಗುಂಡಿಯ ಮೇಲೆ ಯಾರೂ ಮನೆ ಕಟ್ಟಿರಲಿಲ್ಲ, ಮನೆಗಳಿದ್ದದ್ದು ಪಕ್ಕದಲ್ಲಿ. ಕಸ ಕೊಳೆತು ಹುಟ್ಟಿದ ಮೀಥೇನ್ ಬಂಡೆಯ ಬಿರುಕುಗಳಲ್ಲಿ ನುಸುಳಿಕೊಂಡು ಬಂತು. 1986ರ ಮಾರ್ಚ್ 24ರ ಬೆಳಗಿನ ಜಾವ ವಾಯುಭಾರ ಸರ್ರನೆ ಇಳಿದಿತ್ತು. ಮೇಲಿನ ಒತ್ತಡ ಇಳಿದರೆ ನೆಲದೊಳಗಿನ ಅನಿಲ ಹೊರಗೆ ಬರುತ್ತೆ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟಿದ್ದರೆ ಒಂದು ಕಿಡಿ ಸಾಕು. ಒಂದು ಮನೆ ಪೂರ್ತಿ ನೆಲಸಮವಾಯ್ತು. ಒಳಗಿದ್ದ ಮೂವರು ಗಾಯಗೊಂಡು ಉಳಿದುಕೊಂಡರು. ವಾಯುಭಾರ ಹೆಚ್ಚಿದ್ದ ದಿನ ಹೋಗಿ ಅಳೆದಿದ್ದರೆ ಮೀಟರು ಎಲ್ಲ ಸರಿಯಿದೆ ಅಂತಲೇ ತೋರಿಸಬಹುದಿತ್ತು! ಆ ಕಾಲಂ ಯಾಕೆ ಖಾಲಿ ಬಿಡಬಾರದು ಅಂತ ಮತ್ತೆ ನಾನು ಕೇಳಲಿಲ್ಲ.

ಇದನ್ನೆಲ್ಲ ಈಗ ಬರೆಯೋಕೆ ಕಾರಣ ನಮ್ಮ ಭಾವ.

ಅಕ್ಕ-ಭಾವ ಬೆಂಗಳೂರಿನ ಹೊರಗೆ ಒಂದು ಹೊಸ ಲೇಔಟಿನಲ್ಲಿ 30-40 ಸೈಟು ನೋಡಿದ್ದಾರೆ. ಹದಿನಾಲ್ಕು ವರ್ಷದ ಉಳಿತಾಯ, ಜೊತೆಗೆ ಅಕ್ಕನ ಬಳೆ. ವಕೀಲರು ಪೇಪರ್ ಎಲ್ಲ ನೋಡಿ ಆಗಿತ್ತು. ಮೂಲಪತ್ರ, ಪಹಣಿ, ಕನ್ವರ್ಷನ್ ಆದೇಶ, ಖಾತಾ, ಮೂವತ್ತು ವರ್ಷದ ಇ.ಸಿ. “ಪೇಪರ್ ಕನ್ನಡಿ ಥರ ಇದೆ ಕಣೋ” ಅಂದ್ರು ಭಾವ. ಇ.ಸಿ.ಗೆ ಕನ್ನಡದಲ್ಲಿ ಋಣಭಾರ ಪತ್ರ ಅಂತಾರಲ್ಲ, ಜಾಗದ ಮೇಲೆ ಯಾರ ಸಾಲ ಇದೆ ಅಂತ ಅದು ಹೇಳುತ್ತೆ. ಜಾಗದ ಒಳಗೆ ಏನಿದೆ ಅಂತ ಹೇಳೋ ಪತ್ರ ನಮ್ಮಲ್ಲಿ ಯಾರೂ ಕೇಳಲ್ಲ.

ರಾತ್ರಿ ಸುಮ್ಮನೆ ಕೂತು ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ಹಿಂದಕ್ಕೆ ಸರಿಸುತ್ತಾ ಹೋದೆ. 2019ರಲ್ಲಿ ಬೋಳು ಮೈದಾನ. 2014ರಲ್ಲಿ ಅರ್ಧ ಮೈದಾನ, ಅರ್ಧ ಗುಂಡಿ. 2008ರಲ್ಲಿ ಹಸಿರು ನೀರು ನಿಂತ ದೊಡ್ಡ ಕಲ್ಲು ಕ್ವಾರಿ. ಭಾವನ ಸೈಟು ಇರೋದು ಸರಿಯಾಗಿ ಅದರ ಅಂಚಿನಲ್ಲಿ.

ಇಂಗ್ಲೆಂಡಿನಲ್ಲಿ ಕೊರೆಯೋ ಯಂತ್ರ ತರಿಸೋದಕ್ಕೆ ಮುಂಚೆ ಮಾಡೋದು ಇದನ್ನೇ. ಮೊದಲು ಕೂತಲ್ಲೇ ಹಳೆಯ ನಕ್ಷೆಗಳನ್ನು ಜಾಲಾಡುವುದು, ಆಮೇಲೆ ಜಾಗದಲ್ಲಿ ಓಡಾಡಿ ಬರುವುದು. ನಮ್ಮಲ್ಲೂ ಸಾಮಗ್ರಿಗೇನೂ ಕೊರತೆ ಇಲ್ಲ, ಗ್ರಾಮ ನಕಾಶೆ ಇದೆ, ಸರ್ವೆ ನಂಬರ್ ತೋರಿಸೋ ದಿಶಾಂಕ್ ಆಪ್ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ಊರಿನ ಹಿರಿಯರಿದ್ದಾರೆ. ಭಾನುವಾರ ಭಾವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಲೇಔಟಿನ ಪಕ್ಕ ಮೇಕೆ ಮೇಯಿಸ್ತಿದ್ದ ತಾತನನ್ನು ಮಾತಾಡಿಸಿದೆ.

“ಇಲ್ಲಿ ಬಂಡೆ ಹೊಡೀತಿದ್ರು ಸ್ವಾಮಿ. ನಮ್ ಹುಡುಗ್ರು ಈಜಕ್ಕೆ ಬರೋವು. ಆಮೇಲ್ ರಾತ್ರಿ ಹೊತ್ನಲ್ಲಿ ಲಾರಿ ಬರಕ್ಕೆ ಶುರುವಾದ್ವು.”

“ಏನು ಸುರೀತಿದ್ರು ತಾತ?”

“ಏನ್ ಸುರೀಲಿಲ್ಲ ಅಂತ ಕೇಳಿ.”

ಇಂಥ ಜಾಗದಲ್ಲಿ ಹೆದರಿಕೆ ಒಂದೇ ಥರದ್ದಲ್ಲ. ಅರ್ಧ ಮನೆ ಬಂಡೆಯ ಮೇಲೆ, ಅರ್ಧ ಮನೆ ಸುರಿದ ಮಣ್ಣಿನ ಮೇಲೆ ಕೂತರೆ ಈ ಕಡೆ ಜಗ್ಗಲ್ಲ, ಆ ಕಡೆ ವರ್ಷವರ್ಷ ಇಳಿಯುತ್ತೆ, ನಡುವೆ ಗೋಡೆ ಸೀಳುತ್ತೆ. ಮಣ್ಣಿನ ಗಟ್ಟಿತನ ನೋಡೋಕೆ 63.5 ಕೆ.ಜಿ. ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, 30 ಸೆಂ.ಮೀ. ಇಳಿಯೋಕೆ ಎಷ್ಟು ಪೆಟ್ಟು ಬೇಕು ಅಂತ ಎಣಿಸ್ತಾರೆ. ತುಂಬಿದ ಗುಂಡಿಯಲ್ಲಿ ಆ ಲೆಕ್ಕವೂ ಮೋಸ ಮಾಡುತ್ತೆ. ಕೆಳಗೆ ಒಂದು ಹಳೇ ಕಾಂಕ್ರೀಟ್ ತುಂಡು ಸಿಕ್ಕರೆ ಪೆಟ್ಟಿನ ಸಂಖ್ಯೆ ಏರಿ, ನೆಲ ಗಟ್ಟಿ ಅನ್ನಿಸಿಬಿಡುತ್ತೆ.

“ಪೈಲ್ ಹಾಕಿಸಿದ್ರೆ ಆಯ್ತಲ್ವೇನೋ?” ಅಂದ್ರು ಭಾವ.

“ಪೈಲ್ ಮನೆ ಭಾರ ಹೊರುತ್ತೆ ಭಾವ. ಬೋರ್‌ವೆಲ್ ನೀರು?” ಅಂದೆ.

ಈ ವಿದ್ಯೆಯಲ್ಲಿ ಲೆಕ್ಕ ಸರಳ. ವಿಷ ಇರಬೇಕು, ಅದು ಹರಿಯೋಕೆ ದಾರಿ ಇರಬೇಕು, ಆ ಕಡೆ ತುದಿಯಲ್ಲಿ ಒಂದು ಜೀವ ಇರಬೇಕು. ಮೂರೂ ಸೇರಿದರೆ ಅಪಾಯ, ಒಂದು ಕೊಂಡಿ ಕಡಿದರೆ ಇಲ್ಲ. ಕಲುಷಿತ ಮಣ್ಣಿದ್ದ ಮಾತ್ರಕ್ಕೆ ಜಾಗ ಕೈಬಿಡಬೇಕಾಗಿಲ್ಲ. ಮಣ್ಣು ತೆಗೆಯಬಹುದು, ಮೇಲೆ ಒಳ್ಳೇ ಮಣ್ಣು ಹೊದಿಸಬಹುದು, ಮನೆಯ ತಳಕ್ಕೆ ಅನಿಲ ತಡೆಯುವ ಹಾಳೆ ಹಾಸಬಹುದು, ಬೋರ್‌ವೆಲ್ ಬಿಟ್ಟು ಕೊಳಾಯಿ ನೀರು ತರಬಹುದು. ಆದರೆ ಇದೆಲ್ಲ ಇಡೀ ಲೇಔಟಿಗೆ ಮಾಡುವ ಕೆಲಸ. 30-40 ಸೈಟಿನವನೊಬ್ಬ ತನ್ನ ಕಾಂಪೌಂಡಿನೊಳಗೆ ಎಷ್ಟು ಮಾಡಿಯಾನು?

ಬ್ರೋಕರ್‌ಗೆ ಫೋನ್ ಮಾಡಿ ಒಂದು ಗುಂಡಿ ತೆಗೆಸಿ ನೋಡ್ತೀವಿ ಅಂದೆ. “ಬ್ಯಾಂಕ್ ಲೋನೇ ಆಗುತ್ತೆ ಸಾರ್, ಇನ್ನೇನ್ ಬೇಕು?” ಅಂದ. ಬ್ಯಾಂಕಿನವರು ನೋಡೋದೂ ಅವೇ ಪೇಪರುಗಳನ್ನೇ.

ಹಾಗಂತ ಪೇಪರಿನಲ್ಲಿ ಬರೆದಿದ್ದರೂ ಸಾಲದು. ಅಮೆರಿಕದ ನಯಾಗರಾ ಫಾಲ್ಸ್ ಊರಿನ ಲವ್ ಕೆನಾಲ್‌ನಲ್ಲಿ ಹುಕರ್ ಎಂಬ ಕೆಮಿಕಲ್ ಕಂಪನಿ ಸುಮಾರು 20 ಸಾವಿರ ಟನ್ ರಾಸಾಯನಿಕ ಹೂತು, 1953ರಲ್ಲಿ ಆ ಜಾಗವನ್ನು ಅಲ್ಲಿನ ಶಾಲಾ ಮಂಡಳಿಗೆ 1 ಡಾಲರಿಗೆ ಮಾರಿತು. ರಾಸಾಯನಿಕ ಹೂತಿದ್ದೇವೆ, ಮುಂದೆ ಏನಾದರೂ ಆದರೆ ನಾವು ಹೊಣೆಯಲ್ಲ ಅಂತ ಕ್ರಯಪತ್ರದಲ್ಲೇ ಇತ್ತು. ಆದರೂ ಶಾಲೆ ಎದ್ದಿತು, ಸುತ್ತ ಮನೆಗಳೆದ್ದವು. 1978ರಲ್ಲಿ ಅಧ್ಯಕ್ಷ ಕಾರ್ಟರ್ ತುರ್ತುಸ್ಥಿತಿ ಘೋಷಿಸಿ ಜನರನ್ನು ಎಬ್ಬಿಸಬೇಕಾಯ್ತು. 1980ರಲ್ಲಿ ಅಲ್ಲಿ ಇದಕ್ಕೆಂದೇ ಕಾನೂನು ಬಂತು. ಕಲುಷಿತ ಸ್ಥಳಗಳ ನಿರ್ವಹಣೆಗೆ ನಮ್ಮ ಕೇಂದ್ರ ಸರಕಾರ ನಿಯಮ ಹೊರಡಿಸಿದ್ದು 2025ರ ಜುಲೈನಲ್ಲಿ. ತಡವಾದರೂ ಬಂತಲ್ಲ ಅಂತ ಸಮಾಧಾನ, ಆದರೆ ಅದು ಭಾವನ ಸೈಟಿನ ತನಕ ಬರೋದು ಯಾವಾಗಲೋ.

ಒಂದು ವಾರ ಗೋಗರೆದ ಮೇಲೆ ಒಪ್ಪಿದರು. ಜೆಸಿಬಿ ಬಂತು. ಮೊದಲ ನಾಲ್ಕು ಅಡಿ ಚೆಂದದ ಕೆಂಪು ಮಣ್ಣು. ಭಾವ ನನ್ನ ಕಡೆ ನೋಡಿ ನಕ್ಕರು. ಐದನೇ ಅಡಿಗೆ ಇಟ್ಟಿಗೆ, ಟೈಲ್ಸ್ ಚೂರು. ಏಳಕ್ಕೆ ಪ್ಲಾಸ್ಟಿಕ್ ಕವರ್‌ಗಳು, ಒಂದು ಚಪ್ಪಲಿ, ಸಲೈನ್ ಬಾಟಲಿ. ಎಂಟಕ್ಕೆ ಕಪ್ಪು ಕೆಸರು, ಅದರ ಜೊತೆ ಬಂದ ವಾಸನೆಗೆ ಡ್ರೈವರ್ರೇ ಮೂಗಿಗೆ ಟವೆಲ್ ಕಟ್ಟಿಕೊಂಡ. ಬೋರ್‌ಹೋಲ್ ದಾಖಲೆಗಳಲ್ಲಿ ನಾನು ಸಾವಿರ ಸಲ ಓದಿದ್ದ ‘ಮೇಡ್ ಗ್ರೌಂಡ್’ ಇದೇ ಮೊದಲ ಸಲ ನನ್ನ ಕಾಲ ಬುಡದಲ್ಲಿ ಬಿದ್ದಿತ್ತು. ಮೂರು ಆಳದ ಮಣ್ಣನ್ನು ಬೇರೆ ಬೇರೆ ಡಬ್ಬಿಗೆ ತುಂಬಿಸಿ ಲ್ಯಾಬಿಗೆ ಕೊಟ್ಟೆವು. ಸೀಸ, ಕ್ರೋಮಿಯಂ, ಪಾದರಸ, ಎಣ್ಣೆ ಅಂಶ ನೋಡ್ತಾರೆ.

ಭಾವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಕೊಟ್ಟಿರೋ ಅಡ್ವಾನ್ಸು ವಾಪಸ್ ಬರಲ್ಲ ಅಂತ ಬ್ರೋಕರ್ ಹೇಳಿದ್ದಾನೆ. ಆ ದುಡ್ಡು ಸಣ್ಣದಲ್ಲ, ನಂಗೊತ್ತು. ಮನೆಗೆ ಬಂದಾಗ ಅಕ್ಕ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು, “ಪಾಪು ಅಲ್ಲಿ ಮಣ್ಣಲ್ಲಿ ಆಡಬಹುದಾ?”

ರಿಪೋರ್ಟ್ ಬರೋದು ಬರೋ ಗುರುವಾರ. ಅಗ್ರಿಮೆಂಟ್ ಇದ್ದದ್ದು ಸೋಮವಾರ. ಅಕ್ಕ ತಾನೇ ಫೋನ್ ಮಾಡಿ ಅದನ್ನು ಮುಂದಕ್ಕೆ ಹಾಕಿಸಿದ್ದಾಳೆ.